ಶಾಂತಮಲ್ಲಮ್ಮನವರ ಪಟ

ಹಂಗಳ
೧೨-೧೦-೧೯೫೫

ಚಿರಂಜೀವಿ ನೀಲಕಂಠಸ್ವಾಮಿಗೆ ನಿನ್ನ ಅಕ್ಕನ ಆಶೀರ್ವಾದ, ಸದ್ಯಕ್ಕೆ ಅರ್ಧ ಮಾತ್ರ. ಉಳಿದರ್ಧವನ್ನು ನಿನ್ನ ಉತ್ತರ ನೋಡಿಕೊಂಡು ಕಳಿಸುತ್ತೇನೆ.

ಹೋದ ಸೋಮವಾರ ಹರವೆಗೆ ಹೋಗಿದ್ದೆ, ನಿಮ್ಮ ಭಾವನ ನೆಂಟರ ಮನೆಯಲ್ಲಿ ನಾಮಕರಣ. ಆ ಮನೆಯ ಹಿರಿಯಳು ಬಸವಮ್ಮ ಹೋದ ವರ್ಷ ಲಿಂಗೈಕ್ಯಳಾದಳಲ್ಲ, ಅವಳ ಪಟವನ್ನು ನೀನು ಬರೆದುಕೊಟ್ಟೆ ಎಂದು ಕೇಳಿದ್ದೆನೇ ಹೊರತು ಕಣ್ಣಾರೆ ನೋಡಿರಲಿಲ್ಲ. ಹಜಾರಕ್ಕೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ಗೋಡೆಯ ಮೇಲಿಂದ ಆ ಮುದುಕಿ ನನ್ನನ್ನು ನೋಡುತ್ತಿದ್ದಳು, ನನ್ನ ಕಣ್ಣಿನಿಂದಲೇ.

ಸುಳ್ಳು ಹೇಳಿ ಜಾರಿಕೊಳ್ಳಬೇಡ. ನನ್ನ ಎಡಗಣ್ಣು ಬಲಗಣ್ಣಿಗಿಂತ ಚೂರು ಚಿಕ್ಕದು. ಚಿಕ್ಕವಳಿದ್ದಾಗ ಬೇಲಿಯ ಮುಳ್ಳು ಹೊಡೆದು ರೆಪ್ಪೆಯ ತುದಿ ಸೀಳಿದ ಗುರುತು ಇನ್ನೂ ಇದೆ. ಆ ಗುರುತನ್ನೂ ಬಿಡದೆ ಆ ಮುದುಕಿಗೆ ಇಟ್ಟಿದ್ದೀಯಲ್ಲೋ. ಅವಳ ಸೊಸೆ ಪಟ ನೋಡಿದಳು, ನನ್ನನ್ನು ನೋಡಿದಳು, "ನಮ್ಮತ್ತೆನೇ ಎದ್ದು ಬಂದಂಗಾಯ್ತು ಕಣಕ್ಕ, ಬಾ ಕೂತ್ಕೊ" ಎಂದು ನನ್ನ ಕೈ ಹಿಡಿದುಕೊಂಡು ಅತ್ತಳು. ನಾಮಕರಣದ ಊಟಕ್ಕೆ ಹೋದವಳು ಸತ್ತವಳ ಮರ್ಯಾದೆ ಮಾಡಿಸಿಕೊಂಡು ಬಂದೆ.

ಬದುಕಿರುವವಳ ಕಣ್ಣನ್ನು ತೆಗೆದು ಸತ್ತವರಿಗೆ ಹಾಕುವುದನ್ನು ಮೈಸೂರಿನಲ್ಲಿ ನಿನಗೆ ಯಾರು ಕಲಿಸಿದರು? ನಿಮ್ಮ ಭಾವನಿಗೆ ಇನ್ನೂ ಹೇಳಿಲ್ಲ. ಬೇಗ ಬರೆ.

ನಿನ್ನ ಅಕ್ಕ
ಶಿವರುದ್ರಮ್ಮ

*

ಚಾಮರಾಜನಗರ
೨೦-೧೦-೧೯೫೫

ತಾಯಿಯ ಜಾಗದಲ್ಲಿ ನಿಂತ ಅಕ್ಕನಿಗೆ ನೀಲಕಂಠನ ಶರಣು.

ಜಾರಿಕೊಳ್ಳುವುದಿಲ್ಲ. ಅವು ನಿನ್ನ ಕಣ್ಣೇ.

ನಮ್ಮವರ ರೀತಿ ನಿನಗೆ ಗೊತ್ತು. ಬದುಕಿರುವ ತನಕ ಒಂದು ಫೋಟೊ ತೆಗೆಸಿಕೊಳ್ಳದ ಹೆಂಗಸನ್ನು ಉಸಿರು ನಿಂತ ಮೇಲೆ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ವಿಭೂತಿ ಹಚ್ಚಿ, ಹೂ ಮುಡಿಸಿ, ಆಮೇಲೆ ಫೋಟೊದವನಿಗೆ ಹೇಳಿ ಕಳಿಸುತ್ತಾರೆ. ಆ ಫೋಟೊ ನನ್ನ ಅಂಗಡಿಗೆ ಬರುತ್ತದೆ. "ಎಲ್ಲಾ ಸರಿಯಾಗದೆ ಸ್ವಾಮಿ, ಕಣ್ಣೊಂದು ತೆರೆಸ್ಬುಡಿ" ಎನ್ನುತ್ತಾರೆ. ಫೋಟೊದ ಮೇಲೆ ಚೌಕಗಳನ್ನು ಎಳೆದು, ಅದೇ ಲೆಕ್ಕದಲ್ಲಿ ಕ್ಯಾನ್ವಾಸಿನ ಮೇಲೆ ದೊಡ್ಡ ಚೌಕಗಳನ್ನು ಎಳೆದರೆ ಮೂಗು ಬರುತ್ತದೆ, ಓಲೆ ಬರುತ್ತದೆ, ಸೀರೆಯ ಅಂಚು ಬರುತ್ತದೆ. ಕಣ್ಣಿನ ಚೌಕದಲ್ಲಿ ಮಾತ್ರ ಮುಚ್ಚಿದ ಎರಡು ಗೆರೆ. ಅಲ್ಲಿಗೆ ಮೈಸೂರಿನ ನನ್ನ ಮೇಷ್ಟ್ರು ದೇವಿಯ ಕಣ್ಣು ಇಡುತ್ತಿದ್ದರು, ಬಾದಾಮಿಯ ಹಾಗೆ ಎರಡೂ ಸಮ. ನನ್ನ ಕೈಗೆ ಅದು ಹತ್ತಲಿಲ್ಲ. ಕುಂಚ ಹಿಡಿದು ಕೂತರೆ ನಿನ್ನ ಕಣ್ಣೇ ಬರುತ್ತದೆ. ಅಮ್ಮ ಹೋದಾಗ ನನಗೆ ನೆನಪು ಹುಟ್ಟಿರಲಿಲ್ಲ. ತುತ್ತು ಇಟ್ಟು, ನಾನು ನುಂಗುವ ತನಕ ನೋಡುತ್ತಾ ಕೂತವಳು ನೀನು. ಹತ್ತಿರದಿಂದ ನಾನು ನೋಡಿದ ಕಣ್ಣು ಅದೊಂದೇ.

ಇನ್ನೊಂದು ವಿಷಯ, ಕೋಪಿಸಿಕೊಳ್ಳಬೇಡ. ಸಂತೇಮರಹಳ್ಳಿಯಲ್ಲೂ ನಿನ್ನ ಕಣ್ಣು ಇದೆ. ಅವರು ಗಂಡಸರು.

ಊರಿನವರೇನೋ ಹೊಗಳುತ್ತಾರೆ. ನನಗೇ ಸಮಾಧಾನವಿಲ್ಲ. ಮೂಗು ಫೋಟೊದ್ದು, ಬಣ್ಣ ಮೇಷ್ಟ್ರದ್ದು, ಕಣ್ಣು ನಿನ್ನದು. ಇದರಲ್ಲಿ ನನ್ನದು ಯಾವುದು ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಅದು ಸಿಗದಿದ್ದರೆ ಈ ಕೆಲಸವನ್ನೇ ಬಿಟ್ಟುಬಿಡುವುದು ವಾಸಿ.

ನಿನ್ನ ತಮ್ಮ
ನೀಲಕಂಠ

*

ಹಂಗಳ
೪-೧೧-೧೯೫೫

ನೀಲಕಂಠನಿಗೆ ಉಳಿದರ್ಧ ಆಶೀರ್ವಾದ ಇದರೊಂದಿಗೆ ಬರುತ್ತಿದೆ.

ಸಂತೇಮರಹಳ್ಳಿಯ ಗಂಡಸಿಗೆ ಮೀಸೆ ಇದೆಯೋ ಇಲ್ಲವೋ ಬರೆಯಲಿಲ್ಲ. ನಿಮ್ಮ ಭಾವನಿಗೆ ಕಾಗದ ಓದಿ ಹೇಳಿದೆ. ಅವರು ನಕ್ಕು ನಕ್ಕು, ಊಟ ಮಾಡುತ್ತಿದ್ದವರು ನೆತ್ತಿಗೆ ಹತ್ತಿಸಿಕೊಂಡರು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಕನ್ನಡಿ ನೋಡಿಕೊಂಡೆ ಎಂಬುದನ್ನು ಅವರಿಗೆ ಹೇಳಲಿಲ್ಲ.

ಕೆಲಸ ಬಿಡುವ ಮಾತು ಈಗ ಬೇಡ. ನಾನು ನಿನ್ನನ್ನು ಒಂದು ಕಡೆ ಸಿಕ್ಕಿಸಿಬಿಟ್ಟಿದ್ದೇನೆ. ಗುಂಡ್ಲುಪೇಟೆಯಲ್ಲಿ ನಮ್ಮ ದೊಡ್ಡಮಾವ ದೊಡ್ಡಮಲ್ಲಪ್ಪನವರು, ನಿಮ್ಮ ಭಾವನಿಗೆ ದೊಡ್ಡಪ್ಪ, ಕಡಲೆಕಾಯಿ ಮಂಡಿಯವರು, ಹೊಸ ಮನೆ ಕಟ್ಟಿಸುತ್ತಿದ್ದಾರೆ. ಬೇಸಿಗೆಗೆ ಗೃಹಪ್ರವೇಶ. ಅವರ ಮನೆಯಾಕೆ ಶಾಂತಮಲ್ಲಮ್ಮ ನಾನು ಸೊಸೆಯಾಗಿ ಬರುವ ಎಷ್ಟೋ ವರ್ಷ ಮೊದಲೇ ತೀರಿಕೊಂಡರು. ಇರುವುದು ಆ ಕೊನೆಯ ದಿನದ ಫೋಟೊ ಒಂದೇ. ಹಜಾರದಲ್ಲಿ ಬಾಗಿಲಿಗೆ ಎದುರಾಗಿ ಅವರ ಪಟ ಹಾಕಬೇಕೆಂದು ಮಾವನ ಆಸೆ. ಮೈಸೂರಿಗೆ ಕೊಡುವ ಮಾತು ನಡೆದಿತ್ತು.

ನಾನು ಸುಮ್ಮನಿರಲಾರದೆ, "ನಮ್ಮ ನೀಲಕಂಠ ಅವ್ನಲ್ಲ ಮಾವ, ಮೈಸೂರ್ಗೆ ಯಾಕೆ" ಎಂದೆ. ನನ್ನ ಓರಗಿತ್ತಿ ಮಂಗಳಗೌರಿ ಬಾಯಿಗೆ ಸೆರಗು ಹಿಡಿದುಕೊಂಡು, "ಅವ್ನು ಅಂಗಡಿ ಬೋರ್ಡ್ ಬರಿಯೋನಲ್ವಾ" ಎಂದಳು. ಅವಳ ಅಣ್ಣ ತಾಲ್ಲೂಕು ಕಚೇರಿಯಲ್ಲಿದ್ದಾನೆ, ಅದಕ್ಕೇ ಆ ಜಂಬ. ನನಗೆ ರೇಗಿಹೋಯಿತು. ದೊಡ್ಡವರೆಲ್ಲ ಕೂತಿದ್ದ ಕಡೆಯೇ, "ಅವನು ಬರೆದ್ರೆ ದೊಡ್ಡತ್ತೆನೇ ಬಂದು ಕೂತಂಗಿರ್ತದೆ" ಎಂದುಬಿಟ್ಟೆ. ಮಾವ ನನ್ನನ್ನು ಒಂದು ಗಳಿಗೆ ನೋಡಿ, "ಸರಿ ಕಣಮ್ಮಿ, ನಿನ್ನ ಮಾತಿನ್ಮೇಲೆ ಕೊಡ್ತೀನಿ. ಕೆಟ್ರೆ ನಿನ್ನೇ ಕೇಳೋದು" ಎಂದರು.

ಈ ಮನೆಗೆ ಬಂದ ಮೇಲೆ ತವರಿನ ಹೆಸರು ಹೇಳಿ ನಾನು ತಲೆಯೆತ್ತಿದ್ದು ಇದೇ ಮೊದಲು. ತಗ್ಗಿಸುವ ಹಾಗೆ ಮಾಡಬೇಡಪ್ಪ. ಮತ್ತೆ ನನ್ನ ಕಣ್ಣು ಎಲ್ಲಾದರೂ ಕಾಣಿಸಿತೋ, ನಿನ್ನ ಬಣ್ಣದ ಡಬ್ಬಿಗಳೆಲ್ಲ ತಿಪ್ಪೆಗೆ.

ಶಿವರುದ್ರಮ್ಮ

*

ಚಾಮರಾಜನಗರ
೧೬-೧-೧೯೫೬

ಅಕ್ಕನಿಗೆ ಸಂಕ್ರಾಂತಿಯ ಶರಣು. ನೀನು ಕಳಿಸಿದ ಎಳ್ಳು ಬಂತು. ಶಾಂತಮಲ್ಲಮ್ಮನವರ ಕಣ್ಣು ಮಾತ್ರ ಬರಲಿಲ್ಲ.

ಮುಖವೆಲ್ಲ ಮುಗಿದು ಒಂದು ತಿಂಗಳಾಯಿತು. ಕಣ್ಣಿನ ಜಾಗ ಹಾಗೇ ಇದೆ. ಬರೆಯುತ್ತೇನೆ, ಎದ್ದು ದೂರ ನಿಂತು ನೋಡುತ್ತೇನೆ, ನೀನು ಕೂತಿರುತ್ತೀಯ. ಒರೆಸುತ್ತೇನೆ. ಮೇಷ್ಟ್ರ ಬಾದಾಮಿಯನ್ನೂ ಇಟ್ಟು ನೋಡಿದೆ. ನಾಟಕದ ಪರದೆಯ ಹೆಂಗಸಾದಳು. ಅದನ್ನೂ ಒರೆಸಿದೆ.

ಕಡೆಗೆ ಬಸ್ಸು ಹತ್ತಿ ಗುಂಡ್ಲುಪೇಟೆಗೇ ಹೋದೆ. ಮಕ್ಕಳನ್ನು ಕೇಳಿದೆ. ಮಗ, ಅಮ್ಮನ ಕಣ್ಣು ದೊಡ್ಡವು, ಕಾಡಿಗೆಯಷ್ಟು ಕಪ್ಪು ಎಂದ. ಹಿರಿಯ ಮಗಳು, ಕಪ್ಪಲ್ಲ, ಬೆಕ್ಕಿನ ಕಣ್ಣು ಎಂದು ಜಗಳಕ್ಕೇ ಬಂದಳು. ಕಿರಿಯವಳು ಆಗ ಕೈಗೂಸು, ಏನೂ ಹೇಳಲಾಗದೆ ಅತ್ತಳು. ನಿನ್ನ ದೊಡ್ಡಮಾವ ಮಂಡಿಯಲ್ಲಿದ್ದರು. ಅವರನ್ನೇ ಕೇಳಿದೆ. "ಕಣ್ಣು ಕಣ್ಣಂಗಿದ್ದೊ. ಬರಿಯೋನು ನೀನು, ನನ್ನ ಯಾನ ಕೇಳೀಯೆ?" ಎಂದು ಗದರಿಕೊಂಡು ತಕ್ಕಡಿಯ ಕಡೆ ಎದ್ದುಹೋದರು. ಅಷ್ಟು ಸಣ್ಣ ಪ್ರಶ್ನೆಗೆ ಅಷ್ಟು ಸಿಟ್ಟು ಯಾಕೆಂದು ತಿಳಿಯಲಿಲ್ಲ.

ಅಕ್ಕ, ಬಸ್ಸಿನಲ್ಲಿ ಬರುವಾಗ ಒಂದು ಯೋಚನೆ ಬಂತು. ಊರವರ ಅಮ್ಮಂದಿರ ಕಣ್ಣನ್ನೆಲ್ಲ ಕೇಳಿಕೊಂಡು ತಿರುಗುವವನು ನಮ್ಮ ಅಮ್ಮನದನ್ನು ಒಂದು ದಿನವೂ ನಿನ್ನ ಹತ್ತಿರ ಕೇಳಿಲ್ಲ. ಅವಳಿಗೆ ಆ ಕೊನೆಯ ಫೋಟೊ ಕೂಡ ತೆಗೆಸಲಿಲ್ಲವಲ್ಲ. ಅವಳ ಕಣ್ಣು ಹೇಗಿದ್ದವು?

ನೀಲಕಂಠ

*

ಹಂಗಳ
೧೦-೨-೧೯೫೬

ತಮ್ಮಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಕೂತು, ಎಮ್ಮೆಗೆ ಹುಲ್ಲು ಹಾಕಬೇಕೆಂದು ಎದ್ದೆ. ಮತ್ತೆ ಕೂತು, ಹಾಲು ಉಕ್ಕುತ್ತದೆಂದು ಎದ್ದೆ. ಎಮ್ಮೆಗೂ ಹಾಲಿಗೂ ಇದರಲ್ಲಿ ಸಂಬಂಧವಿಲ್ಲ.

ಅಮ್ಮನ ಕಣ್ಣು ನನಗೂ ಗೊತ್ತಿಲ್ಲ ನೀಲಕಂಠ. ಅವಳು ಒಂದು ಕಡೆ ನಿಂತು ಯಾರನ್ನೂ ನೋಡಿದವಳಲ್ಲ. ಒಲೆ, ಹೊಲ, ಕೊಟ್ಟಿಗೆ, ನೀರಿನ ಬಿಂದಿಗೆ, ಅಪ್ಪನ ಕೂಗು. ಅವಳ ಬೆನ್ನು ನೆನಪಿದೆ, ಓಡುವ ಕಾಲು ನೆನಪಿದೆ. ಕೂತು ನೋಡಿದ್ದೆಂದರೆ ಲಿಂಗಪೂಜೆಯ ಹೊತ್ತಿನಲ್ಲಿ. ಬೆಳಗ್ಗೆ ಮಿಂದು, ನಡುಮನೆಯ ಕಂಬದ ಪಕ್ಕ ಕೂತು, ಎಡಗೈಯ ಮೇಲೆ ಲಿಂಗ ಇಟ್ಟುಕೊಂಡು ನೋಡುತ್ತಿದ್ದಳು. ಅದು ಮುಗಿಯದೆ ನಮಗೆ ತಿನ್ನಲು ಸಿಗುತ್ತಿರಲಿಲ್ಲ. ಹೊಟ್ಟೆ ಹಸಿದುಕೊಂಡು ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವಳ ರೆಪ್ಪೆಯನ್ನೇ ಕಾಯುತ್ತಿದ್ದೆ, ಯಾವಾಗ ಮೇಲೇಳುತ್ತದೋ ಎಂದು. ಕಣ್ಣಿನ ಬಣ್ಣ ಹೇಳಲಾರೆ. ಆ ರೆಪ್ಪೆಯನ್ನು ಬೇಕಾದರೆ ಇವತ್ತೂ ಹೇಳುತ್ತೇನೆ. ತೆಳ್ಳಗೆ, ಒಂದು ನೀಲಿ ನರ, ತುದಿಯಲ್ಲಿ ಚೂರೇ ಚೂರು ನಡುಕ.

ಅಪ್ಪ ಕೂಗಿದರೂ ಆಗ ಅವಳು ತಿರುಗುತ್ತಿರಲಿಲ್ಲ. ದಿನಕ್ಕೆ ಆ ಒಂದು ಹೊತ್ತು ಯಾರ ಮಾತಿಗೂ ಏಳಬೇಕಾಗಿರಲಿಲ್ಲ. ಹರಕು ಸೀರೆಯಲ್ಲಿ ರಾಣಿಯ ಹಾಗೆ ಕೂತಿರುತ್ತಿದ್ದಳು. ಅವಳ ಮಗಳು ನಾನು ಎಂದು ನನಗೆ ಹೆಮ್ಮೆ ಆಗುತ್ತಿತ್ತು, ಹಸಿವಿನ ನಡುವೆಯೂ.

ಇದರಿಂದ ನಿನ್ನ ಕೆಲಸಕ್ಕೆ ಏನೂ ಉಪಯೋಗವಿಲ್ಲ. ನೀನು ಕೇಳಿದೆ, ಹೇಳಿದೆ.

ಅಕ್ಕ

*

ಚಾಮರಾಜನಗರ
೧೧-೩-೧೯೫೬

ಅಕ್ಕಾ, ನಿನಗೆ ಸಾವಿರ ಶರಣು.

ಚಿತ್ರ ಮುಗಿಯಿತು. ನಾನೇ ಜಮಖಾನದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ ಗುಂಡ್ಲುಪೇಟೆಯ ಮನೆಗೆ ಮುಟ್ಟಿಸಿ ಬಂದೆ. ಯಜಮಾನರು ವ್ಯಾಪಾರಕ್ಕೆಂದು ಬತ್ತೇರಿಗೆ ಹೋಗಿದ್ದರು. ಮಗನ ಕೈಗೆ ಕೊಟ್ಟೆ.

ನಿನ್ನ ಕಾಗದ ಓದಿದ ದಿನವೇ ಶಾಂತಮಲ್ಲಮ್ಮನವರ ಫೋಟೊ ಮತ್ತೆ ತೆಗೆದೆ. ಅವರ ಎಡಗೈಯಲ್ಲಿ ಲಿಂಗ ಇದೆ ಅಕ್ಕ. ಇಷ್ಟು ತಿಂಗಳು ಆ ಫೋಟೊವನ್ನು ಎದುರಿಗಿಟ್ಟುಕೊಂಡವನು ಕಣ್ಣು ಹುಡುಕುವ ಭರದಲ್ಲಿ ಕೈಯನ್ನು ನೋಡಿಯೇ ಇರಲಿಲ್ಲ. ಕಣ್ಣು ತೆರೆಸಬೇಕಾಗಿಯೇ ಇಲ್ಲ. ಅವರು ಕೈಯಲ್ಲಿರುವುದನ್ನು ನೋಡುತ್ತಿದ್ದಾರೆ.

ಆದರೆ ಮುಚ್ಚಿದ ರೆಪ್ಪೆಯೇ ಬೇರೆ, ಇಳಿಸಿದ ರೆಪ್ಪೆಯೇ ಬೇರೆ. ಅದನ್ನು ಕಲಿಯಲು ಪೇಟೆಯಲ್ಲಿ ಕೂತೆ. ಹೂ ಕಟ್ಟುವ ಮರಿತಾಯಮ್ಮನನ್ನು ಬರೆದೆ, ಎದುರು ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸುವ ಮುದ್ದಯ್ಯನನ್ನು ಬರೆದೆ. "ನನ್ನ ಮಕ ಬುಟ್ಟು ನಿಂಗೆ ಬ್ಯಾರೆ ಕ್ಯಾಮೆ ಇಲ್ವಾ ಸ್ವಾಮಿ" ಎಂದು ಮರಿತಾಯಮ್ಮ ಬೈದಳು, ಬೈಯುವಾಗಲೂ ಹೂವಿನಿಂದ ಕಣ್ಣು ತೆಗೆಯಲಿಲ್ಲ. ನಿದ್ದೆಯ ರೆಪ್ಪೆ ಸಡಿಲ. ಕೈಯ ಕೆಲಸ ನೋಡುವವರ ರೆಪ್ಪೆಯ ಒಳಗೆ ಗುಡ್ಡೆ ಎಚ್ಚರವಾಗಿರುತ್ತದೆ, ಅದರ ಉಬ್ಬು ಹೊರಗೆ ಕಾಣುತ್ತದೆ, ಹುಬ್ಬು ಚೂರು ಮೇಲೆ ಎಳೆದಿರುತ್ತದೆ. ಇದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ.

ಚೌಕಗಳನ್ನು ಅಳಿಸಿ ಮುಖವನ್ನು ಮೊದಲಿನಿಂದ ಬರೆದೆ. ಮೇಷ್ಟ್ರು ಕೆನ್ನೆಗೆ ಹಚ್ಚುತ್ತಿದ್ದ ಗುಲಾಬಿ ಹಚ್ಚಲಿಲ್ಲ. ಬಿಸಿಲಲ್ಲಿ ದುಡಿದ ಹೆಂಗಸಿನ ಬಣ್ಣವನ್ನೇ ಇಟ್ಟೆ. ಬೆಳಕನ್ನೆಲ್ಲ ಅಂಗೈಗೆ ಕೊಟ್ಟು, ಅಲ್ಲಿಂದ ಮುಖಕ್ಕೆ ಹತ್ತುವಂತೆ ಮಾಡಿದೆ. ಮುಗಿಸಿ ದೂರ ನಿಂತಾಗ, ಇದು ನನ್ನ ಕೈ ಎಂದು ಗೊತ್ತಾಯಿತು. ಜಂಬ ಅಂದುಕೊಂಡರೆ ಅಂದುಕೊ.

ನಿನ್ನ ನೀಲಕಂಠ

*

ಹಂಗಳ
೨೬-೩-೧೯೫೬

ನೀಲಕಂಠಸ್ವಾಮಿಗೆ,

ಹೊಗಳಿಕೆಯ ಕಾಗದ ಎಂದುಕೊಂಡು ಒಡೆದಿದ್ದರೆ ಕ್ಷಮಿಸು.

ದೊಡ್ಡಮಾವ ಬತ್ತೇರಿಯಿಂದ ಬಂದು ಪಟ ಬಿಚ್ಚಿಸಿದರಂತೆ. ನೋಡಿದವರೇ, "ಮನ್ಗವ್ಳೆ, ಎಬ್ಬುರ್ಸಿ ಕೊಡು ಅಂದ್ರೆ ಇನ್ನೂ ಮನಗ್ಸಿ ತಂದವ್ನೆ" ಎಂದು ಕೂಗಾಡಿ, ಅದನ್ನು ಕಡಲೆಕಾಯಿ ಮೂಟೆಯ ಕೋಣೆಗೆ ಹಾಕಿಸಿದ್ದಾರೆ, ಗೋಡೆಗೆ ಮುಖ ಮಾಡಿ. ಮಂಗಳಗೌರಿ ಇಡೀ ಹಂಗಳಕ್ಕೆ ಸಾರಿಕೊಂಡು ಬಂದಳು. "ಅವನಿಗೆ ಕಣ್ಣು ಬರಿಯಾಕೆ ಬರಲ್ವಂತೆ" ಎನ್ನುತ್ತಾಳೆ. ನಾನು ಬಾವಿಯ ಹತ್ತಿರ ಹೋಗುವ ಹೊತ್ತನ್ನೇ ಬದಲಾಯಿಸಿಕೊಂಡಿದ್ದೇನೆ.

ನಿನ್ನ ಚಿತ್ರ ನಾನು ನೋಡಿಲ್ಲ. ಚೆನ್ನಾಗೇ ಇರಬಹುದು. ಆದರೆ ಬಾಗಿಲಿಗೆ ಬಂದವರನ್ನು ಮನೆಯ ಯಜಮಾನಿ ನೋಡಬೇಕು ಎಂದು ಅವರು ಆಸೆಪಟ್ಟದ್ದರಲ್ಲಿ ತಪ್ಪೇನಿದೆ? ಗೃಹಪ್ರವೇಶಕ್ಕೆ ಇನ್ನೂ ಸಮಯವಿದೆ. ಹೋಗಿ ರೆಪ್ಪೆಯನ್ನು ಎತ್ತಿ ಕೊಡು. ಬೇರೆ ಕಣ್ಣು ಹತ್ತದಿದ್ದರೆ ನನ್ನವನ್ನೇ ಹಾಕು, ನಾನೇ ಒಪ್ಪಿ ಹೇಳುತ್ತಿದ್ದೇನೆ. ನನ್ನ ಮುಖ ಉಳಿಸು.

ಶಿವರುದ್ರಮ್ಮ

*

ಚಾಮರಾಜನಗರ
೧-೪-೧೯೫೬

ಅಕ್ಕನಿಗೆ ಶರಣು.

ಹಾಕಲಾರೆ. ಒಂದು ಮಧ್ಯಾಹ್ನದ ಕೆಲಸ ಅದು, ನನಗೆ ಗೊತ್ತು. ಅಷ್ಟು ಸುಲಭವಾದ್ದರಿಂದಲೇ ಹೆದರಿಕೆ. ಇವತ್ತು ಅವರಿಗಾಗಿ ಕಣ್ಣು ತೆರೆಸಿದರೆ, ನಾಳೆ ನನ್ನ ಕೈ ತಾನಾಗಿಯೇ ಹಳೆಯ ದಾರಿ ಹಿಡಿಯುತ್ತದೆ. ಇದಕ್ಕೆ ಮೊದಲು ಬರೆದದ್ದು ಒಂದೂ ನನ್ನದಲ್ಲ. ಇದು ನನ್ನದು.

ನೀನು ತಲೆ ತಗ್ಗಿಸುವಂತಾದದ್ದು ನನ್ನಿಂದಲೇ, ಗೊತ್ತು. ಪಟವನ್ನು ಅವರು ಇಟ್ಟುಕೊಳ್ಳಬೇಕಾಗಿಲ್ಲ, ಮೈಸೂರಿನಿಂದ ತರಿಸಿಕೊಳ್ಳಲಿ. ಗೃಹಪ್ರವೇಶ ಮುಗಿದ ಮೇಲೆ ನನ್ನದನ್ನು ನಾನು ಹೋಗಿ ತರುತ್ತೇನೆ. ನಿನ್ನ ಮೇಲೆ ಸಿಟ್ಟಿಲ್ಲ. ನಿನಗೆ ನನ್ನ ಮೇಲೆ ಬಂದರೆ ಅದು ನ್ಯಾಯವೇ.

ನೀಲಕಂಠ

*

ಹಂಗಳ
೨೨-೫-೧೯೫೬

ನೀಲಕಂಠನಿಗೆ,

ಇಷ್ಟು ದಿನ ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಮೊನ್ನೆ ಗೃಹಪ್ರವೇಶ ಆಯಿತು. ಹಿಂದಿನ ದಿನವೇ ಕೆಲಸಕ್ಕೆಂದು ಹೋಗಿದ್ದೆ. ಹಜಾರದ ಗೋಡೆಯಲ್ಲಿ ಮೊಳೆ ಇತ್ತು, ಪಟ ಇರಲಿಲ್ಲ. ಮೈಸೂರಿನಿಂದಲೂ ತರಿಸಿರಲಿಲ್ಲ. ಮೂಟೆಯ ಕೋಣೆಯಿಂದ ಅಕ್ಕಿ ತರಲು ನನ್ನನ್ನು ಕಳಿಸಿದರು. ನಿನ್ನ ಚಿತ್ರವನ್ನು ಸೀರೆಯಲ್ಲಿ ಸುತ್ತಿಕೊಂಡು ಯಾರಿಗೂ ಹೇಳದೆ ಹಂಗಳಕ್ಕೆ ತಂದುಬಿಡುವುದೆಂದು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡೇ ಹೋದೆ. ಮುಖ ತಿರುಗಿಸಿದೆ.

ಏನು ಬರೆಯಲಿ. ಅಕ್ಕಿಯ ಮೊರ ಕೈಯಲ್ಲಿ ಹಿಡಿದು ಅಲ್ಲೇ ಕೂತೆ, ಕುಕ್ಕರಗಾಲಲ್ಲಿ. ಅವರು ನನ್ನ ಅತ್ತೆ, ನಾನು ಕಂಡವರೇ ಅಲ್ಲ. ಆದರೂ ಈಗ ತಲೆಯೆತ್ತಿಯಾರು ಎಂದು ಕಾದೆ. ಅವರು ಎತ್ತಲಿಲ್ಲ. ಎತ್ತದಿದ್ದರೂ ಪರವಾಗಿಲ್ಲ ಎನ್ನಿಸುವಷ್ಟು ಹೊತ್ತು ಕಾದೆ.

ಅಕ್ಕಿ ಎಲ್ಲಿ ಎಂದು ಕೇಳಿಕೊಂಡು ದೊಡ್ಡಮಾವನೇ ಬಂದರು. ನಾನು ಏಳಲಿಲ್ಲ. ಅವರ ಮುಂದೆ ನಾನು ಕೂತೇ ಇದ್ದದ್ದು ಅದೇ ಮೊದಲು. "ಮಾವ, ಇವ್ರು ಮನಗಿಲ್ಲ. ಕೆಲ್ಸದಲ್ಲವ್ರೆ. ನೀವೂ ಕೂತು ನೋಡಿ" ಎಂದೆ. ಬೈಯುತ್ತಾರೆ ಎಂದುಕೊಂಡೆ. ಮುದುಕರು ಒಂದು ಮೂಟೆಯ ಮೇಲೆ ಕೂತರು.

ಚಿತ್ರದಿಂದ ಕಣ್ಣು ತೆಗೆಯದೆ ಹೇಳಿದರು: "ನಿನ್ನ ತಮ್ಮ ಬಂದು ಕಣ್ಣು ಹೆಂಗಿದ್ದೊ ಅಂದ. ನಂಗೆ ತಿಳೀದು ಕಣಮ್ಮಿ. ಹನ್ನೆರಡ್ವರ್ಸ ಸಂಸಾರ ಮಾಡ್ದೆ. ಅವ್ಳು ಇಕ್ಕೋಳು, ನಾನು ಅನ್ನ ನೋಡ್ಕಂಡು ಉಂಡು ಎದ್ದೋಗೋನು. ನಮ್ಮವ್ವನ ಮುಂದೆ ಅವ್ಳು ತಲೆ ಎತ್ನಿಲ್ಲ, ನಾನು ಎತ್ತು ಅನ್ನಿಲ್ಲ. ಅವ್ನು ಬರುದ್ರೆ ನೋಡ್ಬೌದು, ಹೆಂಗಿದ್ದೊ ತಿಳ್ಕಬೌದು ಅಂತಿದ್ದೆ. ಅವ್ನೂ ತೋರುಸ್ನಿಲ್ಲ. ಅದ್ಕೇ ಸಿಟ್ಟು ಬಂತು."

ನನಗೆ ಅಳು ಬಂತು. ಅವರಿಗೆ ಬರಲಿಲ್ಲ, ಅಥವಾ ಬಂದದ್ದನ್ನು ಕಡಲೆಕಾಯಿಯ ದೂಳಿನ ಮೇಲೆ ಹಾಕಿದರು. "ಇಂಗೇ ಇದ್ಲು," ಎಂದರು. "ಇದು ಅವ್ಳೇ. ನಂಗೆ ಕಂಡಿದ್ದು ಇಷ್ಟೇಯ."

ಪಟವನ್ನು ತಾವೇ ಎತ್ತಿಕೊಂಡು ಹೋಗಿ ಹಜಾರದಲ್ಲಿ ಹಾಕಿದರು. ಮಾರನೆಯ ದಿನ ಬಂದವರೆಲ್ಲ ಅದರ ಮುಂದೆ ನಿಂತು ಮಾತು ಕಡಿಮೆ ಮಾಡಿದರು. ಬರೆದವರು ಯಾರು ಎಂದು ಕೇಳಿದವರಿಗೆ ನಾನು ಬಾಯಿ ತೆರೆಯುವ ಮೊದಲೇ ಮಂಗಳಗೌರಿ, "ನಮ್ಮ ನೀಲಕಂಠಸ್ವಾಮಿ" ಎನ್ನುತ್ತಿದ್ದಳು. ಯಾವಾಗಿನಿಂದ ನಮ್ಮವನಾದೆಯೋ.

ನೀನು ಹಾಕಲಾರೆ ಎಂದದ್ದು ಒಳ್ಳೆಯದಾಯಿತು. ನಾನು ಹಾಕು ಎಂದದ್ದಕ್ಕೆ ನಾಚಿಕೆಯಾಗುತ್ತಿದೆ, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಗುತ್ತಿದೆ. ನಿನ್ನನ್ನು ಒಮ್ಮೆ ಬಂದು ಹೋಗು ಎಂದಿದ್ದಾರೆ ಮಾವ. ಬಣ್ಣದ ಪೆಟ್ಟಿಗೆ ತರಬೇಕಂತೆ.

ನಿನ್ನ ಅಕ್ಕ
ಶಿವರುದ್ರಮ್ಮ

*

ಗುಂಡ್ಲುಪೇಟೆ
೧೭-೬-೧೯೫೬

ಅಕ್ಕನಿಗೆ ನೀಲಕಂಠನ ಶರಣು. ಈ ಕಾಗದವನ್ನು ನಿನ್ನ ದೊಡ್ಡಮಾವನ ಮನೆಯ ಜಗಲಿಯಲ್ಲೇ ಕೂತು ಬರೆಯುತ್ತಿದ್ದೇನೆ. ನಾಳೆ ಹಂಗಳಕ್ಕೆ ಬರುತ್ತೇನಾದರೂ ಅಷ್ಟು ಹೊತ್ತು ತಡೆದುಕೊಳ್ಳಲಾರೆ.

ನಿನ್ನೆ ನಾನು ಬಂದಾಗ ಅವರು ಜರಿ ಪೇಟ ಸುತ್ತಿಕೊಂಡು, ಅಂಗಳದ ಬೆಳಕಿಗೆ ಕುರ್ಚಿ ಹಾಕಿಸಿಕೊಂಡು ಆಗಲೇ ಕೂತಿದ್ದರು. "ನನ್ನ ಬರಿ" ಎಂದರು. ಬದುಕಿರುವವರು ಬರೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಮಗಳು ಗೊಣಗಿದಳು. "ಎಪ್ಪತ್ತಾಯ್ತು, ಕಮ್ಮಿಯಾಗಾಕೆ ಇನ್ನೇನದೆ" ಎಂದು ಅವಳ ಬಾಯಿ ಮುಚ್ಚಿಸಿದರು. ನನ್ನ ಎದುರಿಗೆ ಉಸಿರಾಡುವ ಮನುಷ್ಯ ತಾನಾಗಿ ಬಂದು ಕೂತದ್ದು ಇದೇ ಮೊದಲು ಅಕ್ಕ.

ಅವರೂ ಲಿಂಗ ಹಿಡಿದು ಕೂರುತ್ತಾರೇನೋ ಎಂದು ಕೇಳಿದೆ. "ಬ್ಯಾಡ. ಅದು ಅವ್ಳ್ದು," ಎಂದರು. "ನಾನು ಕಣ್ಣ ಬುಟ್ಕಂಡಿರೋದ್ನೇ ಬರಿ."

ಆಮೇಲೆ ಮಗನನ್ನು ಕರೆದರು, ಹೆಣ್ಣುಮಕ್ಕಳನ್ನು ಕರೆದರು, ಮೊಮ್ಮಕ್ಕಳನ್ನು ಕರೆದರು. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಸೊಸೆಯನ್ನೂ ಹೆಸರು ಹಿಡಿದು ಕೂಗಿದರು. "ಬನ್ರಲಾ ಎಲ್ಲ, ಎದ್ರುಗೆ ಕೂತ್ಕಳಿ. ಅವ್ನ ಕೈ ನೋಡ್ಬ್ಯಾಡಿ, ನನ್ನ ಕಣ್ಣ ನೋಡ್ಕಳಿ. ನಾಳೆ ಯಾರಾರ ಬಂದು ಕೇಳುದ್ರೆ ಹೇಳಾಕೆ ಬರ್ಬೇಕು."

ಆ ಸೊಸೆ ಮಾವನ ಎದುರು ತಲೆಯೆತ್ತಿದವಳೇ ಅಲ್ಲವಂತೆ. ಸೆರಗನ್ನು ಹಿಂದಕ್ಕೆ ಸರಿಸಿ, ಎಲ್ಲರಿಗಿಂತ ಕೊನೆಯಲ್ಲಿ, ನಿಧಾನವಾಗಿ ನೋಡಿದಳು. ಅವರು ರೆಪ್ಪೆ ಬಡಿಯದೆ ನೋಡಿಸಿಕೊಂಡರು. ನಾನು ಬರೆದೆ.

ಅವರ ಕಣ್ಣು ತಿಳಿಗಂದು ಬಣ್ಣದವು, ಅಕ್ಕ. ಈ ಮನೆಯವರಿಗೆ ಅದು ನಿನ್ನೆ ಗೊತ್ತಾಯಿತು.

ನಿನ್ನ ತಮ್ಮ
ನೀಲಕಂಠಸ್ವಾಮಿ